ನಮ್ಮ ಮಹಡಿಯ ಮೇಲಿನ ಟಪಾಲು ಕಚೇರಿ

ಮಾವಿನ ಮಿಡಿ ಉಪ್ಪಿನಕಾಯಿ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೇರಿಸಿದ ಮೇಲೆ ನೀವು ಅದನ್ನು ಮರೆತುಬಿಡುತ್ತೀರಾ? ಇಲ್ಲ ತಾನೆ. ಮಳೆಗಾಲದಲ್ಲಿ ಒಂದೆರಡು ಸಲವಾದರೂ ಜಾಡಿ ಇಳಿಸಿ, ಬಟ್ಟೆ ಬಿಚ್ಚಿ, ಬೂಷ್ಟು ಬಂದಿದೆಯೋ ಏನೋ ಎಂದು ನೋಡೇ ನೋಡುತ್ತೀರಿ. ಅತ್ತೆ ಹೇಳಿಕೊಟ್ಟ ಬುದ್ಧಿಯೋ ಅಮ್ಮ ಹೇಳಿಕೊಟ್ಟದ್ದೋ, ಅಂತೂ ನಮಗೆಲ್ಲ ಇದು ಗೊತ್ತು. ಇಷ್ಟು ಸಣ್ಣ ಬುದ್ಧಿ ನಮ್ಮ ಮಹಡಿಯ ಮೇಲೆ ನಡೆಯುವ ವ್ಯಾಪಾರದಲ್ಲಿ ಯಾರಿಗೂ ಹೊಳೆಯದೆ ಹೋದದ್ದರಿಂದ 2019ರಲ್ಲಿ ನನ್ನ ಎರಡು ಬಳೆ ಬ್ಯಾಂಕು ಸೇರಿದವು. ಬಳೆ ಹೋದದ್ದು ಹೋಗಲಿ ಬಿಡಿ, ಅದಕ್ಕಿಂತ ದೊಡ್ಡದೊಂದು ಹೋಯಿತು. ಅದನ್ನೇ ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ.

ನಮ್ಮದು ಶಿವಮೊಗ್ಗ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಮದುವೆಯಾಗಿ ಬಂದಾಗ ನಮ್ಮವರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಇತ್ತು. ರಿಸಲ್ಟ್ ನೋಡುವ ಹುಡುಗರು, ಅರ್ಜಿ ಹಾಕುವವರು, ಹೀಗೆ ಜನವೋ ಜನ. ಎಲ್ಲರ ಕೈಗೂ ಫೋನು ಬಂದ ಮೇಲೆ ಅದು ತಣ್ಣಗಾಯಿತು. ಆಗ ಇವರು ಹಿಡಿದದ್ದೇ ಈ ಇ-ಮೇಲ್ ಕೆಲಸ. ಅಡಿಕೆ ಮಂಡಿಯವರು, ಆಡಿಟರು, ಒಂದೆರಡು ಶಾಲೆ, ಪತ್ತಿನ ಸಹಕಾರ ಸಂಘ, ಮುದ್ರಣಾಲಯ - ಇವರಿಗೆಲ್ಲ ಅವರವರ ಅಂಗಡಿಯ, ಸಂಸ್ಥೆಯ ಹೆಸರಿನಲ್ಲೇ ಇ-ಮೇಲ್ ವಿಳಾಸ ಕೊಟ್ಟು, ಬಂದ ಪತ್ರಗಳನ್ನು ನಮ್ಮ ಯಂತ್ರದಲ್ಲಿ ಜೋಪಾನವಾಗಿಟ್ಟು, ಹೋಗುವ ಪತ್ರಗಳನ್ನು ಸೇರಿಸುವ ಕಡೆ ಸೇರಿಸುವುದು. "ಪುಕ್ಕಟೆ ಸಿಗೋದಕ್ಕೆ ಯಾರ್ರೀ ದುಡ್ಡು ಕೊಡ್ತಾರೆ?" ಅಂತ ನಾನೇ ಕೇಳಿದ್ದೆ. "ಪುಕ್ಕಟೆ ಕೊಡೋರು ಫೋನ್ ಎತ್ತಲ್ಲ ಕಣೆ, ನಾವು ಎತ್ತುತೀವಿ" ಅಂದರು. ಆ ಫೋನು ಎತ್ತುವುದು ನನ್ನ ಪಾಲಿಗೇ ಬರುತ್ತದೆಂದು ಆಗ ಹೇಳಲಿಲ್ಲ ನೋಡಿ!

ಜೊತೆಗೆ ಇನ್ನೊಂದು ಕೆಲಸ, ಕೊಲೊಕೇಶನ್ ಅಂತ. ಹೆಸರು ದೊಡ್ಡದು, ವಿಷಯ ಸಣ್ಣದು. ವರ್ಗವಾಗಿ ಹೋಗುವ ನೆಂಟರು ತಮ್ಮ ಟ್ರಂಕನ್ನು ನಮ್ಮ ಮನೆಯಲ್ಲಿ ಇಟ್ಟು ಹೋಗುವುದಿಲ್ಲವೇ, ಹಾಗೆಯೇ. ಯಂತ್ರ ಅವರದು, ಅದರೊಳಗಿನದೂ ಅವರದು. ಕೋಣೆ, ಕರೆಂಟು, ತಂಪು, ಇಂಟರ್ನೆಟ್ಟು, ಬೀಗ ಮಾತ್ರ ನಮ್ಮದು. ಹತ್ತೊಂಬತ್ತು ಅಂಗುಲ ಅಗಲದ ಕಬ್ಬಿಣದ ಬೀರು, ಅದಕ್ಕೆ ರ್‍ಯಾಕ್ ಅನ್ನುತ್ತಾರೆ, ಅದರಲ್ಲಿ ಮುಕ್ಕಾಲು ಅಂಗುಲ ಕೂಡಿಸಿ ಒಂದಂಗುಲದ ಎತ್ತರದ ಒಂದೊಂದು ಮೆಟ್ಟಿಲಿಗೂ ತಿಂಗಳ ಬಾಡಿಗೆ. ನಮ್ಮಲ್ಲಿ ಇಂಥ ಮೂರು ಬೀರು. ಅವಕ್ಕೆ ಹಗಲೂ ರಾತ್ರಿ ಎ.ಸಿ. ನಾವು ಮಾತ್ರ ಕೆಳಗೆ ಫ್ಯಾನು ಹಾಕಿಕೊಂಡು ಮಲಗುತ್ತೇವೆ. ಒಂದು ಎ.ಸಿ. ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಬೇರೆ! ಆ ಕೋಣೆಯಲ್ಲಿ ತಿಂಡಿ ತಿನ್ನುವ ಹಾಗಿಲ್ಲ, ಇರುವೆ ಬಂದರೆ ಹಿಂದೆಯೇ ಹಲ್ಲಿ ಬರುತ್ತದೆ. ಒಮ್ಮೆ ಹಲ್ಲಿಯೊಂದು ಯುಪಿಎಸ್ಸಿನ ಒಳಗೆ ನುಗ್ಗಿ ತಾನೂ ಸತ್ತು ಅದನ್ನೂ ಸುಟ್ಟಿತು. ಆಯುಧಪೂಜೆಯ ದಿನ ಕುಂಕುಮ ಯಂತ್ರಕ್ಕಿಲ್ಲ, ಬಾಗಿಲಿಗೆ ಮಾತ್ರ. ಪುಡಿ ಫ್ಯಾನಿನೊಳಗೆ ಹೋಗುತ್ತದಂತೆ. ಊದುಬತ್ತಿಯೂ ಹೊರಗೇ.

ಇನ್ನು 2019ರ ಆಗಸ್ಟ್ 9ಕ್ಕೆ ಬರುತ್ತೇನೆ. ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಆ ವರ್ಷದ ಮಳೆ ನಿಮಗೂ ನೆನಪಿರಬೇಕು. ತುಂಗೆ ತಗ್ಗಿನ ಬಡಾವಣೆಗಳಿಗೆಲ್ಲ ನುಗ್ಗಿ ಜನ ಮನೆ ಬಿಟ್ಟು ಹೋಗಿದ್ದರು. ನಮ್ಮ ಬೀದಿಗೆ ನೀರು ಬರಲಿಲ್ಲ. ಕಲಶ ಕೂರಿಸಿ, ಮಳೆಯಲ್ಲೂ ಬಂದ ನಾಲ್ಕು ಜನಕ್ಕೆ ಕುಂಕುಮ ಕೊಟ್ಟು ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಹೋಗುವುದು ಹೊಸದೇನಲ್ಲ. ಯುಪಿಎಸ್ ಇಪ್ಪತ್ತು ನಿಮಿಷ ತಡೆಯುತ್ತದೆ, ಅಷ್ಟರಲ್ಲಿ ಹುಡುಗ ಜನರೇಟರ್ ಶುರು ಮಾಡುತ್ತಾನೆ. ಆವತ್ತು ಯುಪಿಎಸ್ ಒಂದು ಸಲ ಕೀ ಎಂದಿತು, ಅಷ್ಟೇ. ಮಹಡಿಯ ಮೇಲೆ ಯಾವಾಗಲೂ ಇರುವ ಗುಂಯ್ ಸದ್ದು ಫಕ್ಕನೆ ನಿಂತುಹೋಯಿತು. ಎಷ್ಟೋ ವರ್ಷ ಬೈದುಕೊಂಡ ಸದ್ದದು. ಅದು ನಿಂತಾಗ ನನ್ನ ಎದೆ ಧಸಕ್ಕೆಂದಿತು.

ಬ್ಯಾಟರಿಗಳಿಗೆ ಐದೂವರೆ ವರ್ಷವಾಗಿತ್ತು. ಮೂರರಿಂದ ಐದು ವರ್ಷ ಬಾಳುವ ಬ್ಯಾಟರಿಗಳು. ಹಿಂದಿನ ವರ್ಷವೇ ಬದಲಾಯಿಸಬೇಕಿತ್ತು, ನಾದಿನಿಯ ಮದುವೆ ಬಂತು, ಮುಂದೆ ಹಾಕಿದೆವು. ಜನರೇಟರ್ ಶುರುವಾಗಿ ಯಂತ್ರಗಳು ಎದ್ದವು, ಮತ್ತೆ ಒಮ್ಮೆ ಆರಿ ಮತ್ತೆ ಎದ್ದವು. ಒಂದು ಮಾತ್ರ ಏಳಲಿಲ್ಲ. ಅರವತ್ತೆಂಟು ಗಿರಾಕಿಗಳ ಪತ್ರವೆಲ್ಲ ಇದ್ದದ್ದು ಅದರಲ್ಲೇ.

"ಡಿಸ್ಕ್ ಎರಡಿದೆ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುತ್ತೆ, ಗಾಬರಿಯಾಗಬೇಡ" ಅಂದರು ಇವರು. ನೋಡಿದರೆ ಒಂದು ಡಿಸ್ಕ್ ಎರಡು ವಾರದ ಹಿಂದೆಯೇ ಸತ್ತಿದೆ. ಯಂತ್ರವೇ ಆ ಸುದ್ದಿಯನ್ನು ಪ್ರತಿದಿನ ಪತ್ರ ಬರೆದು ತಿಳಿಸಿದೆ. ಆದರೆ ಆ ಪತ್ರ ಹೋಗುತ್ತಿದ್ದದ್ದು ಕೆಲಸ ಬಿಟ್ಟು ಹೋದ ಹುಡುಗನೊಬ್ಬನ ಹಳೆಯ ವಿಳಾಸಕ್ಕೆ. ಟಪಾಲು ಕಚೇರಿ ನಡೆಸುವವರ ಮನೆಯ ಪತ್ರವೇ ಯಾರೂ ಓದದೆ ಬಿದ್ದಿತ್ತು ಅಂದರೆ ನೀವು ನಗುತ್ತೀರೋ ಅಳುತ್ತೀರೋ?

"ಬ್ಯಾಕಪ್ ಇದೆ" ಅಂದರು ಆಮೇಲೆ. ಇತ್ತು. ರಾತ್ರಿ ಎರಡು ಗಂಟೆಗೆ ಎಲ್ಲದರ ಪ್ರತಿ ಇನ್ನೊಂದು ಯಂತ್ರಕ್ಕೆ ಹೋಗುವ ಏರ್ಪಾಡು. ತೆಗೆದು ನೋಡಿದರೆ ಜುಲೈ 17ಕ್ಕೆ ನಿಂತಿದೆ. ಆ ಯಂತ್ರದಲ್ಲಿ ಜಾಗ ತುಂಬಿಹೋಗಿ ಹೊಸದೇನೂ ಹಿಡಿಸಿಲ್ಲ. ಆದರೂ ದಿನಾ ರಾತ್ರಿ 'ಕೆಲಸ ಮುಗಿಯಿತು' ಎಂದೇ ಬರೆದುಕೊಂಡಿದೆ. ಜಾಡಿ ಇತ್ತು, ಬಟ್ಟೆ ಕಟ್ಟಿತ್ತು, ಒಳಗೆ ಉಪ್ಪಿನಕಾಯಿ ಇರಲಿಲ್ಲ. ಇಪ್ಪತ್ತಮೂರು ದಿನದ ಪತ್ರಗಳು ಹೋದವು.

ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೆಳಕಿರಲಿಲ್ಲ, ಮುಖ ಕಾಣಲಿಲ್ಲ. ಬಹಳ ಹೊತ್ತಾದ ಮೇಲೆ, "ತಾಂತ್ರಿಕ ಕಾರಣ ಅಂತ ಹೇಳೋಣ, ಮಳೆ ಅಂತ ಹೇಳೋಣ" ಅಂದರು. ನಾನು, "ಮಳೆ ಬ್ಯಾಟರಿ ಬದಲಾಯಿಸಬೇಡ ಅಂತ ಹೇಳಿತ್ತೇನ್ರೀ?" ಅಂದುಬಿಟ್ಟೆ. ಆ ಹೊತ್ತಿಗೆ ಅನ್ನಬಾರದಿತ್ತು. ಅಂದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಇ-ಮೇಲ್ ಕಳಿಸುವ ಕ್ರಮವನ್ನು 1982ರಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಎಂಬವರು ಬರೆದಿಟ್ಟರು. ಇವತ್ತಿಗೂ ಅಡಿಪಾಯ ಅದೇ. ನಮ್ಮ ಮನೆಯ ಬಾಗಿಲು ಹಾಕಿದ್ದರೆ ಅಂಚೆಯಣ್ಣ ಪತ್ರವನ್ನು ಚರಂಡಿಗೆ ಎಸೆದು ಹೋಗುವುದಿಲ್ಲ, ನಾಳೆ ಬರುತ್ತಾನೆ. ಹಾಗೆಯೇ ನಮ್ಮ ಯಂತ್ರ ಮಲಗಿದ್ದರೆ ಕಳಿಸಿದವರ ಯಂತ್ರ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಸಾಮಾನ್ಯವಾಗಿ ನಾಲ್ಕೈದು ದಿನ. ಆಮೇಲೂ ತೆಗೆಯದಿದ್ದರೆ ಕಳಿಸಿದವರಿಗೇ ವಾಪಸ್ಸು. ಹಾಗಾಗಿ ಹೊಸ ಪತ್ರಗಳ ಭಯ ಮಂಗಳವಾರದವರೆಗೆ ಇರಲಿಲ್ಲ.

ಹಳೆಯದರದು ತದ್ವಿರುದ್ಧ. ಗಿರಾಕಿಗಳ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಕಳೆದುಹೋದ ಪತ್ರಗಳ ಪ್ರತಿಗಳು ಇನ್ನೂ ಇದ್ದವು. ಆದರೆ ನಾವು ಜುಲೈ 17ರ ಸರಕಿಟ್ಟುಕೊಂಡು ಬಾಗಿಲು ತೆರೆದ ಗಳಿಗೆಯಲ್ಲೇ ಅವರ ಫೋನು ನಮ್ಮನ್ನು ಕೇಳುತ್ತದೆ, 'ನಿಮ್ಮಲ್ಲಿ ಏನೇನಿದೆ?' ಅಂತ. ನಮ್ಮಲ್ಲಿಲ್ಲದ್ದನ್ನು ಯಜಮಾನನೇ ಅಳಿಸಿದ್ದಾನೆಂದು ತಿಳಿದು ತಾನೂ ಅಳಿಸಿಬಿಡುತ್ತದೆ! ಅಂದರೆ ಬಾಗಿಲು ತೆರೆಯುವ ಮೊದಲು ಅರವತ್ತೆಂಟು ಮನೆಗೂ ಹೇಳಬೇಕು - ಫೋನು ಏರೋಪ್ಲೇನ್ ಮೋಡಿಗೆ ಹಾಕಿ, ಕಂಪ್ಯೂಟರಿನ ಇಂಟರ್ನೆಟ್ ತಂತಿ ಕೀಳಿ, ನಮ್ಮ ಹುಡುಗ ಬಂದು ಪ್ರತಿ ತೆಗೆಯುವವರೆಗೆ ಮುಟ್ಟಬೇಡಿ.

ರಸೀದಿ ಪುಸ್ತಕ ನನ್ನ ವಶದಲ್ಲಿರುವುದು. ಶನಿವಾರ ಬೆಳಿಗ್ಗೆ ಆರಕ್ಕೆ ಕಲಶದ ಪಕ್ಕದಲ್ಲೇ ಕೂತು ಫೋನು ಮಾಡಲು ಶುರು ಮಾಡಿದೆ. "ಇಪ್ಪತ್ತಮೂರು ದಿನದ ಪತ್ರ ನಮ್ಮ ತಪ್ಪಿನಿಂದ ಹೋಗಿದೆ, ನಿಮ್ಮಲ್ಲಿರೋದನ್ನು ಉಳಿಸಿಕೊಳ್ಳೋಣ" ಅಂತ ಸುಳ್ಳಿಲ್ಲದೆ ಹೇಳಿದೆ. ಮಂಡಿಯ ಸಾಹುಕಾರರೊಬ್ಬರು ನಾನು ಹೆಂಗಸು ಅನ್ನುವುದನ್ನೂ ನೋಡದೆ ಬೈದರು. ಆಡಿಟರು ಒಂದು ಮಾತೂ ಆಡದೆ ಕೇಳಿ, "ತಂತಿ ಕಿತ್ತೆ ಅಮ್ಮ, ಹುಡುಗನನ್ನು ಕಳಿಸಿ" ಅಂದರು. ಎಷ್ಟೋ ಜನರ ಮನೆಯಲ್ಲಿ ಕರೆಂಟಿಲ್ಲ, ಫೋನಿನಲ್ಲಿ ಚಾರ್ಜಿಲ್ಲ. ಹುಡುಗರಿಬ್ಬರು ರೇನ್‌ಕೋಟ್ ಹಾಕಿಕೊಂಡು ಊರೆಲ್ಲ ಅಲೆದರು. ಕಂಪ್ಯೂಟರಿನಲ್ಲಿದ್ದದ್ದಕ್ಕೆ ಪ್ರತಿ ತೆಗೆದರು. ಫೋನಿನಲ್ಲಿ ಮಾತ್ರ ಇದ್ದವರು ಒಂದೊಂದೇ ಪತ್ರ ತೆರೆದು ಪರದೆಯ ಚಿತ್ರ ತೆಗೆದುಕೊಂಡರು. ಭಾನುವಾರ ಸಂಜೆಗೆ ಐವತ್ತೊಂಬತ್ತು ಜನ ಸಿಕ್ಕಿದ್ದರು. ಒಂಬತ್ತು ಜನ ಸಿಕ್ಕಿರಲಿಲ್ಲ.

ಇವರು, "ಇನ್ನೊಂದು ದಿನ ನೋಡೋಣ" ಅಂದರು. ನಾನೇ ಬೇಡ ಅಂದೆ. ಬೆಳಗಾದರೆ ಸೋಮವಾರ, ಮಂಡಿ ತೆರೆಯುತ್ತದೆ, ಸಹಕಾರ ಸಂಘ ತೆರೆಯುತ್ತದೆ, ಬೈಗುಳ ಕೇಳಿ ಕೇಳಿ ನನ್ನ ಕಿವಿ ಬೆಂದಿತ್ತು. "ಒಂಬತ್ತು ಜನಕ್ಕಾಗಿ ಐವತ್ತೊಂಬತ್ತು ಜನರನ್ನು ಕಾಯಿಸೋದಾ?" ಅಂದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆದರು. ಮೂರು ದಿನದಿಂದ ಹೊರಗೆ ನಿಂತಿದ್ದ ಪತ್ರಗಳು ಬೆಳಗಿನವರೆಗೂ ಬರುತ್ತಲೇ ಇದ್ದವು. ಇವರ ಮುಖದಲ್ಲಿ ಸ್ವಲ್ಪ ರಕ್ತ ಆಡಿತು.

ಆ ಒಂಬತ್ತರಲ್ಲಿ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಮನೆಗೆ ನೀರು ನುಗ್ಗಿ ನೆಂಟರ ಮನೆಗೆ ಹೋಗಿದ್ದರು, ಫೋನು ಆರಿಹೋಗಿತ್ತು. ಸೋಮವಾರ ಬೆಳಿಗ್ಗೆ ಚಾರ್ಜು ಮಾಡಿ ಹಚ್ಚಿದ್ದಾರೆ. ಧಾರವಾಡದಲ್ಲಿದ್ದ ಅವರ ತಂಗಿ ಜುಲೈ ಕೊನೆಗೆ ತೀರಿಕೊಂಡಿದ್ದರು. ಆಸ್ಪತ್ರೆಯಿಂದ ಅಕ್ಕನಿಗೆ ಉದ್ದುದ್ದ ಪತ್ರ ಬರೆದಿದ್ದರಂತೆ. ಅವರ ಕಣ್ಣೆದುರಿಗೇ ಒಂದೊಂದಾಗಿ ಮಾಯವಾದವು. ತಂಗಿಯ ಕಡೆ ಪ್ರತಿ ಇರಬೇಕಲ್ಲ ಎಂದು ಇವರು ಧಾರವಾಡಕ್ಕೆ ಫೋನು ಮಾಡಿ ವಿಚಾರಿಸಿದರು. ಆಕೆಯ ಫೋನು ಆಸ್ಪತ್ರೆಯಲ್ಲೇ ಕಳೆದಿತ್ತು, ಪಾಸ್‌ವರ್ಡ್ ಮನೆಯವರಾರಿಗೂ ಗೊತ್ತಿರಲಿಲ್ಲ.

ನಾನು ಅವರ ಮನೆಗೆ ಹೋದೆ. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ. ಪುಸ್ತಕಗಳನ್ನು ಜಗಲಿಯಲ್ಲಿ ಒಣಗಿಸಿದ್ದರು. "ಭಾನುವಾರ ಬೇಡ ಅಂದಿದ್ದರೆ ಉಳೀತಿತ್ತು ಮೇಡಂ. ತೆರೆಯೋಣ ಅಂದವಳು ನಾನು" ಅಂತ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. "ಮೂರು ಸಾಲು ನೆನಪಿದೆ. ಉಳಿದದ್ದು ಇಲ್ಲ" ಅಂದರು, ಅಷ್ಟೇ. ಕಾಫಿ ಕೊಟ್ಟರು. ಮುಂದಿನ ತಿಂಗಳು ತಮ್ಮ ವಿಳಾಸವನ್ನು ದೊಡ್ಡ ಕಂಪನಿಯೊಂದಕ್ಕೆ ಬದಲಾಯಿಸಿಕೊಂಡರು. ಬದಲಾಯಿಸುವ ಕೆಲಸಕ್ಕೆ ನಾವೇ ಸಹಾಯ ಮಾಡಿದೆವು. ಈಗಲೂ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಮಾತನಾಡಿಸುತ್ತಾರೆ, ನನಗೇ ಅವರ ಮುಖ ನೋಡಲು ಆಗುವುದಿಲ್ಲ.

ಬ್ಯಾಟರಿ ಬಂತು, ಬಳೆ ಹೋಯಿತು. ಅದು ಸರಿ. ಆದರೆ ಹೊಸ ಸಾಮಾನು ಬಂದ ಮಾತ್ರಕ್ಕೆ ನನಗೆ ಧೈರ್ಯ ಬರಲಿಲ್ಲ. "ಬ್ಯಾಕಪ್ ಸರಿಯಾಗಿದೆ" ಅಂತ ಇವರು ಹೇಳಿದಾಗಲೆಲ್ಲ ಮೊದಲೂ ಹಾಗೇ ಹೇಳಿದ್ದಿರಲ್ಲ ಅನ್ನಿಸುತ್ತಿತ್ತು. ಒಂದು ದಿನ ಕೇಳಿದೆ, "ಜಾಡಿ ಇಳಿಸಿ ನೋಡೋದು ಹೇಗೆ ಅಂತ ನನಗೆ ಕಲಿಸ್ತೀರಾ?" ಮೊದಲು ನಕ್ಕರು. ಆಮೇಲೆ ಕಲಿಸಿದರು. ಪ್ರತಿ ತಿಂಗಳ ಮೊದಲ ಶನಿವಾರ, ಗಿರಾಕಿಗಳ ಹೆಸರಿನ ಚೀಟಿಗಳಲ್ಲಿ ಐದು ಎತ್ತುತ್ತೇನೆ. ಆ ಐವರ ಪೆಟ್ಟಿಗೆಗಳನ್ನು ಬ್ಯಾಕಪ್ಪಿನಿಂದ ತೆಗೆದು ಒಂದು ಖಾಲಿ ಯಂತ್ರಕ್ಕೆ ತುಂಬಿ, ಎಷ್ಟು ಪತ್ರ ಇರಬೇಕು, ಎಷ್ಟು ಬಂತು, ಎಷ್ಟು ಹೊತ್ತು ಹಿಡಿಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮೊದಲ ಸಲ ಮೂರನೆಯ ಪೆಟ್ಟಿಗೆ ತೆರೆಯಲೇ ಇಲ್ಲ! ಹೊಸ ಏರ್ಪಾಡಿನಲ್ಲೂ ಒಂದು ಕಡತಕೋಶ ಬಿಟ್ಟುಹೋಗಿತ್ತು. ಅವತ್ತಿನಿಂದ ಇವರು ನಗುವುದು ಬಿಟ್ಟರು.

ಪ್ರತಿಗಳೂ ಈಗ ಮೂರು. ಒಂದು ಇಲ್ಲೇ, ಒಂದು ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದ ಜಾಗದಲ್ಲಿ, ಇನ್ನೊಂದು ಭದ್ರಾವತಿಯಲ್ಲಿ ನನ್ನ ತವರಿನ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ನಡುವೆ. ಹದಿನೈದು ದಿನಕ್ಕೊಮ್ಮೆ ನಾನೇ ಡಿಸ್ಕನ್ನು ಬಸ್ಸಿನಲ್ಲಿ ಒಯ್ದು ಬದಲಾಯಿಸಿ ಬರುತ್ತೇನೆ. ಗೂಢಲಿಪಿ ಮಾಡಿಟ್ಟಿರುವುದರಿಂದ ಕದ್ದವನಿಗೆ ಏನೂ ಸಿಗದು. ತವರಿಗೆ ಹೋಗಲು ಇಂಥ ನೆವ ಯಾವ ಸೊಸೆಗೆ ಸಿಕ್ಕೀತು ಹೇಳಿ! ಇದು ಅತಿಯಾಯಿತೆಂದು ನಕ್ಕವರೂ ಉಂಟು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಐದು ಮಹಡಿಯ ದೊಡ್ಡ ಡೇಟಾ ಸೆಂಟರೊಂದು ರಾತ್ರೋರಾತ್ರಿ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಕೆಲವರು ಎಲ್ಲವನ್ನೂ ಕಳೆದುಕೊಂಡರು. ಪತ್ರಿಕೆಯಲ್ಲಿ ಓದಿ ಇವರು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಬಸ್ ಚಾರ್ಜು ಮಾತ್ರ ಕೇಳದೆಯೇ ಕೊಡತೊಡಗಿದರು.

ಪೆಟ್ಟಿಗೆ ತೆರೆಯುತ್ತೀಯಲ್ಲ, ಪತ್ರ ಓದುತ್ತೀಯೇನು ಎಂದು ನೀವು ಕೇಳಬಹುದು. ಇಲ್ಲ. ಎಣಿಸುತ್ತೇನೆ ಅಷ್ಟೇ. ಒಬ್ಬ ಪರಿಚಯದ ಹೆಂಗಸು ಒಂದು ಮಧ್ಯಾಹ್ನ ಹೂ ಹಿಡಿದುಕೊಂಡು ಬಂದರು. ಮಗನಿಗೆ ನೋಡಿದ ಹುಡುಗಿ ಕೆಲಸ ಮಾಡುವ ಶಾಲೆಯ ಇ-ಮೇಲ್ ನಮ್ಮಲ್ಲಿದೆ. "ಯಾರ ಜೊತೆಗಾದ್ರೂ ಏನಾದ್ರೂ ಇದೆಯಾ ಅಂತ ಒಂಚೂರು ನೋಡಿ ಹೇಳಿ. ನಾನು ಯಾರಿಗೂ ಬಾಯಿ ಬಿಡಲ್ಲ." ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಮಗಳ ಪತ್ರ ನಾನು ಓದಲಾ?" ಅಂದೆ. ಹೂವನ್ನು ಮೇಜಿನ ಮೇಲೇ ಬಿಟ್ಟು ಹೋದವರು ಇವತ್ತಿಗೂ ನಮ್ಮ ಮನೆ ಮೆಟ್ಟಿಲು ಹತ್ತಿಲ್ಲ. ಮದುವೆ ಆಯಿತು, ಹುಡುಗಿ ಚೆನ್ನಾಗಿದ್ದಾಳೆ. ಅವಳಿಗೆ ಇದು ಗೊತ್ತಿಲ್ಲ.

ಉಳಿದ ತಾಪತ್ರಯಗಳು ನೂರೆಂಟು. ತನ್ನ ಹೆಸರಿನ ಮುಂದೆ 123 ಸೇರಿಸಿ ಪಾಸ್‌ವರ್ಡ್ ಇಟ್ಟುಕೊಂಡ ಗುಮಾಸ್ತನೊಬ್ಬನ ಪೆಟ್ಟಿಗೆಗೆ ಕಳ್ಳರು ನುಗ್ಗಿ ರಾತ್ರಿಯಲ್ಲಿ ಸಾವಿರಾರು ಕಸದ ಪತ್ರ ಕಳಿಸಿದರು. ಬೆಳಿಗ್ಗೆಗೆ ನಮ್ಮ ಯಂತ್ರದ ವಿಳಾಸವೇ ಕಪ್ಪುಪಟ್ಟಿಗೆ. ಒಂದು ಮನೆಯಲ್ಲಿ ಕಳ್ಳಭಟ್ಟಿ ಕಾಸಿದರೆ ಬೀದಿಗೇ ಹೆಸರು ಬರುವ ಹಾಗೆ, ಊರಿನ ಮರ್ಯಾದಸ್ಥರ ಪತ್ರಗಳೆಲ್ಲ ವಾಪಸ್ಸು. ಹೆಸರು ತೆಗೆಸಲು ಮೂರು ದಿನ ಬೇಕಾಯಿತು. ಈಗ ಒಂದು ಪೆಟ್ಟಿಗೆಯಿಂದ ಗಂಟೆಗೆ ಇಷ್ಟೇ ಎಂದು ಮಿತಿ ಹಾಕಿದ್ದೇವೆ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂದವರು ಇನ್ನಷ್ಟು ಬಿಗಿ ಮಾಡಿದರು. ನನ್ನ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಯಂತ್ರಕ್ಕೆ ಅಧಿಕಾರವಿದೆ ಎಂಬ ಪ್ರಕಟಣೆ ಬೇಕು, ಇಲ್ಲವೇ ಪತ್ರಕ್ಕೆ ಅರಗಿನ ಮುದ್ರೆಯಂಥ ಗುರುತು ಬೇಕು. ದಿನಕ್ಕೆ ಐದು ಸಾವಿರ ಪತ್ರ ಕಳಿಸುವವರಿಗಾದರೆ ಎರಡೂ ಬೇಕು, ಜೊತೆಗೆ ಮುದ್ರೆಯಿಲ್ಲದ್ದು ಬಂದರೆ ಏನು ಮಾಡಬೇಕೆಂಬ ಸೂಚನೆಯೂ ಬೇಕು. ನಮ್ಮವರು ಎಲ್ಲ ಗಿರಾಕಿಗಳಿಗೂ ಮೂರನ್ನೂ ಮಾಡಿಸಿ ಮುಗಿಸುವ ಹೊತ್ತಿಗೆ ಯುಗಾದಿ ಬಂತು. ಇನ್ನು ಇಂಟರ್ನೆಟ್ಟಿನ ತಂತಿ ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಕಂಪನಿಯಿಂದ ಎಳೆಸಿದ್ದೆವು. ರಸ್ತೆ ಅಗೆಯುವ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕತ್ತರಿಸಿದಾಗ ತಿಳಿಯಿತು, ಇಬ್ಬರೂ ಒಂದೇ ಗುಂಡಿಯಲ್ಲಿ ಹಾಕಿದ್ದರು! ಈಗ ಒಂದು ಹಿಂದಿನ ಬೀದಿಯಿಂದ ಬರುತ್ತದೆ, ನಾನೇ ಹೋಗಿ ಕಂಬ ಎಣಿಸಿ ಬಂದಿದ್ದೇನೆ.

ನಿಮ್ಮ ಮನೆಯವರ ಅಂಗಡಿಗೋ ಸಂಘಕ್ಕೋ ಇಂಥ ಸೇವೆ ತೆಗೆದುಕೊಳ್ಳುವುದಿದ್ದರೆ 'ಬ್ಯಾಕಪ್ ಇದೆಯಾ' ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. 'ಕೊನೆಯ ಸಲ ತೆಗೆದು ನೋಡಿದ್ದು ಯಾವತ್ತು, ತಾರೀಕು ಹೇಳಿ' ಅಂತ ಕೇಳಿ. ಮುಖ ನೋಡಿದರೇ ಗೊತ್ತಾಗುತ್ತದೆ. ಮನಸ್ಸಿಗೆ ಬೇಕಾದ ಪತ್ರವೇನಾದರೂ ಇದ್ದರೆ ಕಾಗದಕ್ಕಿಳಿಸಿ ಬೀರುವಿನಲ್ಲಿಡಿ. ಈ ಮಾತು ವ್ಯಾಪಾರಕ್ಕೆ ಒಳ್ಳೆಯದಲ್ಲ ಅಂತ ನಮ್ಮವರ ಅಭಿಪ್ರಾಯ. ಇರಲಿ.

ಬೆಂಗಳೂರಿನಲ್ಲಿರುವ ಮಗ ಬಂದಾಗಲೆಲ್ಲ, "ಅಮ್ಮ, ಇದನ್ನೆಲ್ಲ ದೊಡ್ಡ ಕಂಪನಿಗೆ ವಹಿಸಿ ಆರಾಮಾಗಿರಿ" ಅನ್ನುತ್ತಾನೆ. ಅವನು ಹೇಳುವುದರಲ್ಲಿ ತಪ್ಪಿಲ್ಲ. ಆ ಆಗಸ್ಟಿನ ನಂತರ ಹನ್ನೊಂದು ಗಿರಾಕಿಗಳು ಬಿಟ್ಟು ಹೋದರು. ಬೈದ ಸಾಹುಕಾರರು ಮಾತ್ರ ಹೋಗಲಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, "ಬೈದರೆ ಕೇಳೋರು ಬೇಕಲ್ಲಮ್ಮ" ಅಂದರು. ಹೊಗಳಿದರೋ ಹೇಗೋ ನನಗೆ ತಿಳಿಯಲಿಲ್ಲ.

ಹೋದ ಶನಿವಾರ ಐದು ಚೀಟಿ ಎತ್ತಿದೆ. ನಾಲ್ಕು ಸರಿ ಬಂದವು, ಐದನೆಯದರಲ್ಲಿ ಎರಡು ಪತ್ರ ಕಡಿಮೆ. ರಾತ್ರಿ ಹತ್ತರವರೆಗೆ ಹುಡುಕಿದೆವು. ಗಿರಾಕಿಯೇ ಅಳಿಸಿದ್ದು ಅಂತ ಕೊನೆಗೆ ಗೊತ್ತಾಯಿತು. ಸಾರು ಆರಿಹೋಗಿತ್ತು, ಬಿಸಿ ಮಾಡಿ ಊಟ ಮಾಡಿದೆವು. ಬಳೆಗಳನ್ನು 2021ರಲ್ಲಿ ಬಿಡಿಸಿದ್ದೆವು, 2023ರಲ್ಲಿ ಹೊಸ ಬ್ಯಾಟರಿಗೆಂದು ಮತ್ತೆ ಇಟ್ಟೆವು. ಬರುವ ಆಯುಧಪೂಜೆಯೊಳಗೆ ಖಂಡಿತ ಬಿಡಿಸಿ ಕೊಡುತ್ತೇನೆ ಅಂತ ಇವರು ಮಾತು ಕೊಟ್ಟಿದ್ದಾರೆ. ಬ್ಯಾಟರಿ ಹಾಕಿದ ತಾರೀಕು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ, ಅದನ್ನು ಅವರಿಗೆ ಇನ್ನೂ ತೋರಿಸಿಲ್ಲ.